ಗಾಜಿನ ಪೆಟ್ಟಿಗೆಯಿಂದ ಮನೆಗೆ ಬರುವ ಕೂಸಿನ ಕಿವಿ ಪರೀಕ್ಷೆ

ಕಾರ್ತಿ ಬೆಳೆಗೆ ಅಗೆ ಹಾಕುವ ಮೊದಲು ನೀವು ಏನು ಮಾಡುತ್ತೀರಿ? ನಿಮ್ಮದೇ ಗದ್ದೆಯ ಭತ್ತ, ನೀವೇ ಮುಡಿ ಕಟ್ಟಿಟ್ಟದ್ದು. ಆದರೂ ಒಂದು ಹಿಡಿ ತೆಗೆದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ನೂರು ಕಾಳಿಗೆ ಎಷ್ಟು ಮೊಳೆಯಿತೆಂದು ಎಣಿಸುತ್ತೀರಿ. ಕಣ್ಣಿಗೆ ಎಲ್ಲ ಕಾಳೂ ಒಂದೇ ರೀತಿ ಕಾಣುತ್ತದೆ. ಮೊಳೆಯುವ ಕಾಳು ಯಾವುದು, ಮೊಳೆಯದ ಕಾಳು ಯಾವುದು ಎಂಬುದು ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುವುದು. ಪರೀಕ್ಷೆ ಮಾಡದೆ ಬಿತ್ತಿ, ಮಳೆ ಕಳೆದ ಮೇಲೆ ಗದ್ದೆ ಬೋಳಾಗಿದೆ ಎಂದು ಕಂಡರೆ ಆ ವರ್ಷದ ಹದ ತಿರುಗಿ ಬಾರದು.

ಹುಟ್ಟಿದ ಕೂಸಿನ ಕಿವಿಯೂ ಹೀಗೆಯೇ. ಕಿವಿಯ ಆಕಾರ ಸರಿ ಇರುತ್ತದೆ. ಕೂಸು ಅಳುತ್ತದೆ, ನಗುತ್ತದೆ, ಹಾಲು ಕುಡಿಯುತ್ತದೆ. ಆದರೆ ಅದಕ್ಕೆ ಕೇಳಿಸುತ್ತದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅದರಲ್ಲಿಯೂ, ಹುಟ್ಟಿದ ಕೂಡಲೇ ತೀವ್ರ ನಿಗಾ ಘಟಕದಲ್ಲಿ, ನಾವು ‘ಗಾಜಿನ ಪೆಟ್ಟಿಗೆ’ ಎನ್ನುವಲ್ಲಿ, ದಿನಗಟ್ಟಲೆ ಇದ್ದು ಬಂದ ಕೂಸುಗಳ ಕಿವಿಯನ್ನು ಪರೀಕ್ಷೆ ಮಾಡಿಸಲೇಬೇಕು. ಏಕೆ, ಹೇಗೆ, ಯಾವಾಗ, ಎಲ್ಲಿ ಎಂಬುದೇ ಈ ಪಾಠ.

ಒಂದು ಮನೆಯ ಮಾತು

ಹೀಗೊಂದು ಮನೆ ಇದೆ ಎಂದು ಭಾವಿಸಿರಿ. ಇಂಥ ಮನೆ ಶಿರೂರಿನಲ್ಲಿರಬಹುದು, ವಂಡ್ಸೆಯಲ್ಲಿರಬಹುದು, ಬಾರಕೂರಿನಲ್ಲಿರಬಹುದು. ಸೊಸೆಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸಿನ ತೂಕ ಒಂದೂಕಾಲು ಕಿಲೋ. ಇಪ್ಪತ್ತೈದು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಉಸಿರಿಗೆ ಯಂತ್ರ ಜೋಡಿಸಿ, ಕಾಮಾಲೆಗೆ ನೀಲಿ ಬೆಳಕು ಕೊಟ್ಟು, ಸೋಂಕಿಗೆ ಚುಚ್ಚುಮದ್ದು ಕೊಟ್ಟು ವೈದ್ಯರು ಉಳಿಸಿದರು. ಕೂಸು ಮನೆಗೆ ಬಂದಾಗ ಗದ್ದೆಯಲ್ಲಿ ನಟ್ಟಿ. ಆಸ್ಪತ್ರೆಯ ಚೀಟಿಯಲ್ಲಿ ‘ಕಿವಿ ಪರೀಕ್ಷೆಗೆ ಬರತಕ್ಕದ್ದು’ ಎಂದು ಬರೆದಿತ್ತು. ಉಳಿದದ್ದೇ ದೊಡ್ಡದು ಎಂಬ ಸಮಾಧಾನದಲ್ಲಿ ಆ ಚೀಟಿ ಕಪಾಟಿನ ಮೂಲೆ ಸೇರಿತು.

ವರ್ಷ ಕಳೆಯಿತು. ಕೂಸಿಗೆ ಮಾತು ಬರಲಿಲ್ಲ. ‘ಅವನ ಅಪ್ಪನಿಗೂ ಮಾತು ತಡವಾಗಿಯೇ ಬಂದದ್ದು, ಎಂತ ಆತಿಲ್ಲೆ’ ಎಂದರು ಅಜ್ಜಿ. ಅವರ ಮಾತಿನಲ್ಲಿ ಪ್ರೀತಿ ಇತ್ತು, ತಪ್ಪು ಇರಲಿಲ್ಲ. ಆಟ ನೋಡಲು ಹೋದಾಗ ಚೆಂಡೆಯ ಪೆಟ್ಟಿಗೆ ಮಗು ತಿರುಗಿ ನೋಡಿತು. ಕಿವಿ ಸರಿ ಇದೆ ಎಂದು ಎಲ್ಲರೂ ನಂಬಿದರು. ಎರಡೂವರೆ ವರ್ಷವಾದ ಮೇಲೆ ಅಂಗನವಾಡಿಯಲ್ಲಿ ಅನುಮಾನ ಬಂದು ಪರೀಕ್ಷೆ ಮಾಡಿಸಿದಾಗ ಎರಡು ಕಿವಿಗೂ ಕೇಳುವ ಶಕ್ತಿ ಬಹಳ ಕಡಿಮೆ ಎಂದು ತಿಳಿಯಿತು.

ಈಗ ಯೋಚಿಸಿರಿ. ಈ ಮನೆಯವರು ಕೂಸಿಗಾಗಿ ಹಣ ಖರ್ಚು ಮಾಡಲು ಹಿಂದೆಗೆಯಲಿಲ್ಲ. ಒಡವೆ ಅಡವಿಟ್ಟರು, ನಿದ್ದೆಗೆಟ್ಟರು. ತಪ್ಪಿದ್ದು ಕೆಲವು ನಿಮಿಷದ ಒಂದು ಪರೀಕ್ಷೆ. ಕಳೆದುಹೋದದ್ದು ಎರಡೂವರೆ ವರ್ಷದ ಮಾತು.

ಕಿವಿ ಕೇಳುವುದು ಹೇಗೆ?

ಹೊರಗಿನ ಕಿವಿ ಶಬ್ದವನ್ನು ಹಿಡಿದು ಒಳಗೆ ಕಳಿಸುತ್ತದೆ. ಕಿವಿಯ ತಮ್ಮಟೆ ಅದುರುತ್ತದೆ. ಅದರ ಹಿಂದಿನ ಮೂರು ಪುಟ್ಟ ಎಲುಬುಗಳು ಆ ಅದುರನ್ನು ಒಳಗಿವಿಗೆ ಮುಟ್ಟಿಸುತ್ತವೆ. ಒಳಗಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರೊಳಗೆ ಕೂದಲೆಳೆಯಂಥ ತುದಿಗಳಿರುವ ಸಾವಿರಾರು ಕಣಗಳಿವೆ. ಇವು ಅದುರನ್ನು ವಿದ್ಯುತ್ತಿನ ಸಂದೇಶವಾಗಿ ಮಾಡಿ ನರದ ಮೂಲಕ ಮೆದುಳಿಗೆ ಕಳಿಸುತ್ತವೆ. ಮೆದುಳು ಅದನ್ನು ‘ಅಮ್ಮನ ದನಿ’, ‘ದನದ ಕೂಗು’, ‘ಮಳೆಯ ಸದ್ದು’ ಎಂದು ಗುರುತಿಸಲು ಕಲಿಯುತ್ತದೆ.

ಕಲಿಯುತ್ತದೆ ಎಂಬ ಮಾತನ್ನು ಗಮನಿಸಿರಿ. ಕೇಳುವುದನ್ನು ಮೆದುಳು ಕಲಿಯಬೇಕು, ಅದಕ್ಕೊಂದು ಹದವಿದೆ. ಹುಟ್ಟಿದ ಮೊದಲ ಎರಡು ಮೂರು ವರ್ಷಗಳೇ ಆ ಹದ. ಆ ಕಾಲದಲ್ಲಿ ಶಬ್ದವೇ ಬಾರದಿದ್ದರೆ, ಕೇಳುವುದಕ್ಕೆ ಮೀಸಲಾದ ಮೆದುಳಿನ ಭಾಗವು ಬೇರೆ ಕೆಲಸಕ್ಕೆ ತಿರುಗಿಬಿಡುತ್ತದೆ. ನಡುವಯಸ್ಸಿನಲ್ಲಿ ಕಿವಿ ಮಂದವಾದವರಿಗೂ, ಹುಟ್ಟಿನಿಂದ ಕೇಳಿಸದ ಕೂಸಿಗೂ ಇರುವ ವ್ಯತ್ಯಾಸ ಇದೇ. ದೊಡ್ಡವರಿಗೆ ಮಾತು ಗೊತ್ತಿದೆ, ಕೇಳಿಸುವುದಿಲ್ಲ ಅಷ್ಟೆ. ಕೂಸಿಗಾದರೋ ಕೇಳಿಸದಿದ್ದರೆ ಮಾತೇ ಹುಟ್ಟುವುದಿಲ್ಲ.

ಈ ಕೂಸುಗಳಿಗೇ ಏಕೆ ಹೆಚ್ಚು ಭಯ?

ದಿನ ತುಂಬಿ, ಯಾವ ತೊಂದರೆಯೂ ಇಲ್ಲದೆ ಹುಟ್ಟಿದ ಕೂಸುಗಳಲ್ಲಿ ಸಾವಿರಕ್ಕೆ ೧ರಿಂದ ೩ ಕೂಸುಗಳಿಗೆ ಕಿವುಡು ಇರುತ್ತದೆ ಎಂಬುದು ವೈದ್ಯರ ಲೆಕ್ಕ. ತೀವ್ರ ನಿಗಾ ಘಟಕದಲ್ಲಿದ್ದು ಬಂದ ಕೂಸುಗಳಲ್ಲಿಯಾದರೆ ನೂರಕ್ಕೆ ೨ರಿಂದ ೪. ಅಂದರೆ ಹತ್ತು ಪಟ್ಟಿಗಿಂತಲೂ ಹೆಚ್ಚು. ಇದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

(೧) ಕಡಿಮೆ ತೂಕ, ಅವಧಿಗೆ ಮೊದಲೇ ಹೆರಿಗೆ. ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿನ ಒಳಗಿವಿ ಮತ್ತು ನರಗಳು ಬಹಳ ಎಳೆಯವು. ಸಣ್ಣ ಪೆಟ್ಟನ್ನೂ ತಾಳಲಾರವು.

(೨) ಉಸಿರು ಕಟ್ಟುವಿಕೆ. ಹುಟ್ಟಿದ ಕೂಡಲೇ ಅಳದೆ ನೀಲಿಗಟ್ಟಿದ ಕೂಸಿನ ರಕ್ತದಲ್ಲಿ ಪ್ರಾಣವಾಯು ಕಡಿಮೆಯಾಗುತ್ತದೆ. ಒಳಗಿವಿಯ ಕಣಗಳಿಗೂ ಕೇಳುವ ನರಕ್ಕೂ ಪ್ರಾಣವಾಯು ಬಹಳ ಬೇಕು. ಹೆಚ್ಚು ದಿನ ಉಸಿರಾಟದ ಯಂತ್ರದಲ್ಲಿದ್ದ ಕೂಸುಗಳಿಗೂ ಈ ಭಯ ಉಂಟು.

(೩) ಅತಿಯಾದ ಕಾಮಾಲೆ. ಹುಟ್ಟಿದ ಕೂಸಿಗೆ ಸ್ವಲ್ಪ ಕಾಮಾಲೆ ಬರುವುದು ಸಾಮಾನ್ಯ. ಆದರೆ ಅದು ಮಿತಿ ಮೀರಿ, ಕೂಸಿನ ರಕ್ತವನ್ನೇ ಬದಲಾಯಿಸಬೇಕಾಗಿ ಬಂದರೆ, ಆ ಹಳದಿ ವಸ್ತುವು ಮೆದುಳಿನಲ್ಲಿ ಕೇಳುವ ನರದ ಬುಡದಲ್ಲಿ ಸೇರಿ ಹಾನಿ ಮಾಡಬಲ್ಲದು.

(೪) ಸೋಂಕು. ಮೆದುಳಿನ ಪೊರೆಯ ಜ್ವರ ಮತ್ತು ರಕ್ತದ ನಂಜು ಒಳಗಿವಿಯನ್ನು ಕೆಡಿಸಬಹುದು.

(೫) ಕೆಲವು ಔಷಧಗಳು. ಜೆಂಟಾಮೈಸಿನ್, ಅಮಿಕಾಸಿನ್ ಎಂಬ ಚುಚ್ಚುಮದ್ದುಗಳು ನಂಜಿಗೆ ರಾಮಬಾಣ. ಎಷ್ಟೋ ಕೂಸುಗಳ ಜೀವ ಉಳಿಸಿವೆ. ಆದರೆ ಐದು ದಿನಕ್ಕಿಂತ ಹೆಚ್ಚು ಕೊಡಬೇಕಾಗಿ ಬಂದರೆ ಒಳಗಿವಿಯ ಕಣಗಳಿಗೆ ತೊಂದರೆಯಾಗುವ ಸಂಭವವಿದೆ. ಹಾಗೆಂದು ಔಷಧ ಬೇಡವೆನ್ನಬಾರದು. ಜೀವ ಮೊದಲು, ಕಿವಿಯ ಪರೀಕ್ಷೆ ಆಮೇಲೆ, ಎರಡೂ ಬೇಕು.

ಇಲ್ಲಿ ಒಂದು ಮಾತು ನೆನಪಿಡಿ. ಕೆಲವು ಮನೆತನಗಳಲ್ಲಿ ಇಂಥ ಚುಚ್ಚುಮದ್ದು ಅಲ್ಪ ಪ್ರಮಾಣದಲ್ಲಿ ಬಿದ್ದರೂ ಕಿವಿ ಹೋಗುವ ಗುಣ ವಂಶದಲ್ಲಿಯೇ ಇರುತ್ತದೆ. ಈ ಗುಣ ಬರುವುದು ತಾಯಿಯ ಕಡೆಯಿಂದ ಮಾತ್ರ. ಅಳಿಯಸಂತಾನದ ಈ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬಳಿಯು ತಾಯಿಯಿಂದ ಮಕ್ಕಳಿಗೆ ಬರುವಂತೆಯೇ ಇದೂ. ತಾಯಿಯ ತಾಯಿ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮಂದಿರಲ್ಲಿ ಯಾರಿಗಾದರೂ ಚುಚ್ಚುಮದ್ದಿನ ನಂತರ ಕಿವಿ ಹೋದದ್ದಿದ್ದರೆ, ಚಿಕಿತ್ಸೆಯ ಮೊದಲೇ ವೈದ್ಯರಿಗೆ ತಿಳಿಸಿರಿ.

(೬) ಗರ್ಭದಲ್ಲಿರುವಾಗ ತಗಲಿದ ಸೋಂಕು. ಬಸುರಿಗೆ ರುಬೆಲ್ಲಾ ಜ್ವರ ಬಂದರೆ ಕೂಸಿಗೆ ಹುಟ್ಟು ಕಿವುಡು ಬರಬಹುದು. ಸೈಟೊಮೆಗಾಲೊ ಎಂಬ ವೈರಸ್ಸೂ ಹಾಗೆಯೇ. ಇದರಿಂದ ಬರುವ ಕಿವುಡು ಕೆಲವೊಮ್ಮೆ ಹುಟ್ಟುವಾಗ ಇಲ್ಲದೆ, ತಿಂಗಳುಗಳು ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ.

(೭) ರಕ್ತಸಂಬಂಧದ ಮದುವೆ. ಸೋದರಮಾವನ ಮಗಳು, ಸೋದರತ್ತೆಯ ಮಗ, ಅಕ್ಕನ ಮಗಳು, ಹೀಗೆ ಹತ್ತಿರದಲ್ಲಿ ಮದುವೆಯಾದಾಗ ಎರಡು ಕಡೆಯಲ್ಲಿಯೂ ಅಡಗಿದ್ದ ಒಂದೇ ದೋಷ ಕೂಸಿನಲ್ಲಿ ಸೇರಿ ಹೊರಬೀಳಬಹುದು. ತಂದೆ ತಾಯಿ ಇಬ್ಬರಿಗೂ ಕಿವಿ ಸರಿ ಇದ್ದರೂ ಇದು ಸಾಧ್ಯ.

ಈ ಏಳರಲ್ಲಿ ಒಂದೇ ಒಂದು ಇದ್ದರೂ ಪರೀಕ್ಷೆ ಮಾಡಿಸಬೇಕು. ಒಂದೂ ಇಲ್ಲದಿದ್ದರೂ ಮಾಡಿಸುವುದು ಒಳ್ಳೆಯದು. ಏಕೆಂದರೆ ಯಾವ ಕಾರಣವೂ ಕಾಣದ ಮನೆಗಳಲ್ಲಿಯೂ ಕಿವುಡು ಕೂಸುಗಳು ಹುಟ್ಟುತ್ತವೆ.

ಪರೀಕ್ಷೆ ಮಾಡುವುದು ಹೇಗೆ?

ಕೂಸು ‘ಕೇಳಿಸಿತು’ ಎಂದು ಬಾಯಿಬಿಟ್ಟು ಹೇಳಲಾರದು. ಹಾಗಿದ್ದರೆ ತಿಳಿಯುವುದು ಹೇಗೆ? ಅಮೆರಿಕದ ಕೊಲೊರಾಡೋ ರಾಜ್ಯದಲ್ಲಿ ಮೇರಿಯನ್ ಡೌನ್ಸ್ ಎಂಬ ಮಹಿಳೆ ೧೯೬೦ರ ದಶಕದಲ್ಲಿಯೇ ಹುಟ್ಟಿದ ಕೂಸುಗಳ ಬಳಿ ಶಬ್ದ ಮಾಡಿ, ಅವು ಕಣ್ಣು ಮಿಟುಕಿಸುತ್ತವೆಯೋ ಬೆಚ್ಚುತ್ತವೆಯೋ ಎಂದು ನೋಡುವ ಪರೀಕ್ಷೆಯನ್ನು ಆಸ್ಪತ್ರೆಗಳಲ್ಲಿ ನಡೆಸಿದರು. ಆ ವಿಧಾನ ನಂಬುವಷ್ಟು ನಿಖರವಾಗಿರಲಿಲ್ಲ. ಆದರೆ ಹುಟ್ಟಿದ ಕೂಡಲೇ ಪರೀಕ್ಷಿಸಬೇಕೆಂಬ ವಿಚಾರ ಅಲ್ಲಿಂದ ಬೇರೂರಿತು. ಇಂದು ಎರಡು ಬಗೆಯ ಯಂತ್ರಗಳಿವೆ.

ಮೊದಲನೆಯದು ಒಳಗಿವಿಯ ಪ್ರತಿಧ್ವನಿಯ ಪರೀಕ್ಷೆ. ಇದನ್ನು ಆಸ್ಪತ್ರೆಯಲ್ಲಿ ‘ಓಎಇ’ ಎನ್ನುತ್ತಾರೆ. ಲಂಡನ್ನಿನ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ೧೯೭೮ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ತೋರಿಸಿಕೊಟ್ಟರು: ಒಳಗಿವಿ ಆರೋಗ್ಯವಾಗಿದ್ದರೆ ಅದು ಶಬ್ದವನ್ನು ಕೇಳುವುದಷ್ಟೇ ಅಲ್ಲ, ಮರಳಿ ಒಂದು ಅತಿ ಸಣ್ಣ ಶಬ್ದವನ್ನು ತಾನೇ ಹೊರಡಿಸುತ್ತದೆ. ಕೂಸಿನ ಕಿವಿಯ ಬಾಯಿಗೆ ಮೆತ್ತಗಿನ ಪುಟ್ಟ ತುದಿಯೊಂದನ್ನಿಟ್ಟು ಯಂತ್ರವು ಶಬ್ದ ಕಳಿಸುತ್ತದೆ; ಮರಳಿ ಬರುವ ಶಬ್ದವನ್ನು ಹಿಡಿಯುತ್ತದೆ. ಕೆಲವೇ ನಿಮಿಷದ ಕೆಲಸ.

ಎರಡನೆಯದು ನರದ ಪರೀಕ್ಷೆ. ಇದಕ್ಕೆ ‘ಎಬಿಆರ್’ ಅಥವಾ ‘ಬೇರಾ’ ಎಂದು ಹೆಸರು. ಕೂಸಿನ ಹಣೆಗೂ ಕಿವಿಯ ಹಿಂದಕ್ಕೂ ಸಣ್ಣ ಬಿಲ್ಲೆಗಳನ್ನು ಅಂಟಿಸಿ, ಕಿವಿಗೆ ಮೆಲ್ಲಗೆ ಟಿಕ್ ಟಿಕ್ ಶಬ್ದ ಕೇಳಿಸುತ್ತಾರೆ. ಆ ಶಬ್ದವು ನರದ ಮೂಲಕ ಮೆದುಳಿನ ಬುಡಕ್ಕೆ ಮುಟ್ಟಿತೇ ಎಂಬುದನ್ನು ಯಂತ್ರ ಅಳೆಯುತ್ತದೆ. ಕರೆಂಟು ಕೊಡುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ. ಕೂಸು ನಿದ್ದೆ ಮಾಡುತ್ತಿರುವಾಗಲೇ ಮುಗಿಯುತ್ತದೆ.

ಇವೆರಡರಲ್ಲಿ ನಮ್ಮ ಕೂಸಿಗೆ ಯಾವುದು? ತೀವ್ರ ನಿಗಾ ಘಟಕದಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ ಕೂಸಿಗೆ ನರದ ಪರೀಕ್ಷೆಯೇ ಆಗಬೇಕೆಂದು ತಜ್ಞರು ಹೇಳುತ್ತಾರೆ. ಕಾರಣ ಕೇಳಿರಿ. ನಿಮ್ಮ ತೋಟದ ಪಂಪು ಚೆನ್ನಾಗಿ ಓಡುತ್ತಿದೆ, ಬಾವಿಯಲ್ಲಿ ನೀರಿದೆ. ಆದರೆ ನಡುವೆ ಪೈಪು ಒಡೆದಿದ್ದರೆ ಅಡಕೆ ಮರದ ಬುಡಕ್ಕೆ ನೀರು ಮುಟ್ಟುವುದೇ? ಪಂಪಿನ ಸದ್ದು ಮಾತ್ರ ಕೇಳಿ ‘ತೋಟಕ್ಕೆ ನೀರು ಬಿದ್ದಿದೆ’ ಎಂದು ಹೇಳಿದರೆ ತಪ್ಪಾಗುತ್ತದೆ. ಹಾಗೆಯೇ ಕಾಮಾಲೆ, ಉಸಿರು ಕಟ್ಟುವಿಕೆ, ಅವಧಿಪೂರ್ವ ಹೆರಿಗೆ ಇವುಗಳಿಂದ ಕೆಲವು ಕೂಸುಗಳಲ್ಲಿ ಒಳಗಿವಿ ಸರಿ ಇದ್ದು ನರದ ದಾರಿ ಕೆಟ್ಟಿರುತ್ತದೆ. ಮೊದಲನೆಯ ಯಂತ್ರ ಪಂಪನ್ನು ಮಾತ್ರ ನೋಡುತ್ತದೆ. ಎರಡನೆಯದು ಪೈಪನ್ನೂ ನೋಡುತ್ತದೆ. ಆದುದರಿಂದ ಬಿಡುಗಡೆಯ ದಿನ ‘ನಮ್ಮ ಕೂಸಿಗೆ ಬೇರಾ ತಪಾಸಣೆ ಆಗಿದೆಯೇ?’ ಎಂದು ಕೇಳಿರಿ. ಕೇಳಲು ಸಂಕೋಚ ಬೇಡ.

ಒಂದು, ಮೂರು, ಆರು

ಅಗೆ ಹಾಕುವುದಕ್ಕೆ, ನಟ್ಟಿಗೆ, ಕೊಯ್ಲಿಗೆ ಒಂದೊಂದು ಕಾಲ ಇರುವಂತೆ ಇದಕ್ಕೂ ಮೂರು ಗಡುವುಗಳಿವೆ:

ಒಂದು ತಿಂಗಳೊಳಗೆ ಮೊದಲ ತಪಾಸಣೆ.
ಮೂರು ತಿಂಗಳೊಳಗೆ, ಮೊದಲ ತಪಾಸಣೆಯಲ್ಲಿ ಅನುಮಾನ ಬಂದರೆ, ಪೂರ್ಣ ಪರೀಕ್ಷೆ ಮುಗಿಯಬೇಕು.
ಆರು ತಿಂಗಳೊಳಗೆ, ಕಿವುಡು ಖಚಿತವಾದರೆ, ಶ್ರವಣ ಸಾಧನ ಮತ್ತು ತರಬೇತಿ ಆರಂಭವಾಗಬೇಕು.

ಒಂದು ತಿಂಗಳಾದರೂ ಕೂಸು ಆಸ್ಪತ್ರೆಯಲ್ಲಿಯೇ ಇದ್ದರೆ, ಅದು ಚೇತರಿಸಿಕೊಂಡು ಮನೆಗೆ ಹೊರಡುವ ಮೊದಲು ತಪಾಸಣೆ ಮಾಡುತ್ತಾರೆ.

ಆರು ತಿಂಗಳೆಂಬ ಗಡುವು ಸುಮ್ಮನೆ ಇಟ್ಟದ್ದಲ್ಲ. ಕೊಲೊರಾಡೋದಲ್ಲಿಯೇ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಅವರ ಸಂಗಡಿಗರು ಕಿವಿ ಕೇಳಿಸದ ೧೫೦ ಮಕ್ಕಳನ್ನು ಹೋಲಿಸಿ ನೋಡಿ, ೧೯೯೮ರಲ್ಲಿ ಫಲಿತಾಂಶ ಪ್ರಕಟಿಸಿದರು. ೭೨ ಮಕ್ಕಳ ಕಿವುಡು ಆರು ತಿಂಗಳೊಳಗೆ ಗೊತ್ತಾಗಿತ್ತು, ೭೮ ಮಕ್ಕಳದ್ದು ಆ ನಂತರ. ಬೇಗ ಗೊತ್ತಾಗಿ ನೆರವು ಪಡೆದ ಮಕ್ಕಳು ಭಾಷೆಯಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಬಡವರ ಮಕ್ಕಳಾಗಲಿ ಉಳ್ಳವರ ಮಕ್ಕಳಾಗಲಿ, ಕಿವುಡು ಹೆಚ್ಚಿರಲಿ ಕಡಿಮೆಯಿರಲಿ, ಈ ವ್ಯತ್ಯಾಸ ಉಳಿಯಿತು.

ಬೇಗ ಹೋಗುವುದರಿಂದ ಇನ್ನೊಂದು ಅನುಕೂಲವೂ ಉಂಟು. ಎರಡು ಮೂರು ತಿಂಗಳ ಕೂಸು ಹಾಲು ಕುಡಿದು ತಾನಾಗಿ ಮಲಗುತ್ತದೆ. ಆ ನಿದ್ದೆಯಲ್ಲಿಯೇ ಪೂರ್ಣ ಪರೀಕ್ಷೆ ಮುಗಿಯುತ್ತದೆ. ವರ್ಷ ಕಳೆದ ಮಗು ಹಾಗೆ ಮಲಗುವುದಿಲ್ಲ. ಅದಕ್ಕೆ ನಿದ್ದೆಯ ಔಷಧ ಕೊಡಬೇಕಾಗಬಹುದು.

‘ಪಾಸ್’ ಎಂದರೇನು, ‘ರೆಫರ್’ ಎಂದರೇನು?

ಚೀಟಿಯಲ್ಲಿ ಈ ಎರಡರಲ್ಲಿ ಒಂದನ್ನು ಬರೆಯುತ್ತಾರೆ. ಬಲಗಿವಿಗೆ ಬೇರೆ, ಎಡಗಿವಿಗೆ ಬೇರೆ.

‘ರೆಫರ್’ ಎಂದರೆ ಕೂಸು ಕಿವುಡು ಎಂದು ಅರ್ಥವಲ್ಲ. ಮತ್ತೊಮ್ಮೆ ನೋಡಬೇಕು ಎಂದಷ್ಟೇ ಅರ್ಥ. ಕಿವಿಯಲ್ಲಿ ಹೆರಿಗೆಯ ನೀರು ಉಳಿದಿದ್ದರೂ, ಕೂಸು ಹೊರಳಾಡಿದರೂ, ಸುತ್ತ ಗದ್ದಲವಿದ್ದರೂ ಹೀಗೆ ಬರಬಹುದು. ಹೆದರಿ ಅಳುವುದೂ ತಪ್ಪು. ‘ಏನೂ ಆಗಿಲ್ಲ’ ಎಂದು ಚೀಟಿ ಮಡಚಿಡುವುದೂ ತಪ್ಪು. ನಿಗಾ ಘಟಕದ ಕೂಸಿಗೆ ‘ರೆಫರ್’ ಬಂದರೆ ತಡಮಾಡದೆ ಶ್ರವಣ ತಜ್ಞರಲ್ಲಿ ಪೂರ್ಣ ಪರೀಕ್ಷೆ ಮಾಡಿಸಬೇಕು. ಒಂದೇ ಕಿವಿಯಲ್ಲಿ ಅನುಮಾನವಿದ್ದರೂ ಎರಡನ್ನೂ ಪರೀಕ್ಷಿಸಬೇಕು.

‘ಪಾಸ್’ ಎಂದರೆ ಇಂದಿಗೆ ಸರಿ ಇದೆ ಎಂದರ್ಥ. ಎಂದೆಂದಿಗೂ ಸರಿ ಎಂಬ ಮುಚ್ಚಳಿಕೆಯಲ್ಲ. ನಿಗಾ ಘಟಕದಲ್ಲಿದ್ದ ಕೆಲವು ಕೂಸುಗಳಿಗೆ ತಡವಾಗಿ ಕಿವುಡು ಬರುತ್ತದೆ. ಆದುದರಿಂದ ಪಾಸಾಗಿದ್ದರೂ ಒಂಬತ್ತು ತಿಂಗಳ ಪ್ರಾಯದೊಳಗೆ ಇನ್ನೊಮ್ಮೆ ತಜ್ಞರಿಗೆ ತೋರಿಸಿರಿ. ಮನೆಗೆ ಬಂದ ಮೊದಲ ತಿಂಗಳಲ್ಲಿ ಕಾಮಾಲೆಗೋ ನಂಜಿಗೋ ಕೂಸನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದ್ದರೆ, ಮೊದಲು ಪಾಸಾಗಿದ್ದರೂ ಕಿವಿಯನ್ನು ಪುನಃ ಪರೀಕ್ಷಿಸಬೇಕು.

ಎಲ್ಲಿಗೆ ಹೋಗಬೇಕು?

ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮವು ೨೦೦೭ರಲ್ಲಿಯೂ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ೨೦೧೩ರಲ್ಲಿಯೂ ಆರಂಭವಾದವು. ಎರಡನೆಯದರಲ್ಲಿ, ಹುಟ್ಟಿದಂದಿನಿಂದ ೧೮ ವರ್ಷದವರೆಗಿನ ಮಕ್ಕಳಲ್ಲಿ ಪತ್ತೆ ಮಾಡಬೇಕಾದ ದೋಷಗಳ ಪಟ್ಟಿಗೆ ಹುಟ್ಟು ಕಿವುಡೂ ಸೇರಿದೆ. ಈ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ಬರುತ್ತವೆ. ಜಿಲ್ಲಾ ಮಟ್ಟದಲ್ಲಿ ಇಂಥ ಮಕ್ಕಳಿಗಾಗಿ ಕೇಂದ್ರಗಳನ್ನು ಏರ್ಪಡಿಸುವ ವ್ಯವಸ್ಥೆಯೂ ಅದರಲ್ಲಿದೆ.

ನಮ್ಮ ಕೈಗೆ ಹತ್ತಿರವಿರುವ ಮೊದಲ ವ್ಯಕ್ತಿ ಊರಿನ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಅವರು ಮೊದಲ ೪೨ ದಿನಗಳಲ್ಲಿ ಆರು ಬಾರಿ ಮನೆಗೆ ಬರುವ ಏರ್ಪಾಡಿದೆ. ಅವರು ಬಂದಾಗ ಬಿಡುಗಡೆಯ ಚೀಟಿಯನ್ನೂ ತಾಯಿ ಕಾರ್ಡನ್ನೂ ಮುಂದಿಟ್ಟು ‘ಕಿವಿ ಪರೀಕ್ಷೆಗೆ ಯಾವ ದಿನ, ಎಲ್ಲಿ?’ ಎಂದು ಕೇಳಿರಿ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸರಕಾರಿ ಆಸ್ಪತ್ರೆಗಳಲ್ಲಿ ವಿಚಾರಿಸಿದರೆ ಮುಂದಿನ ದಾರಿ ತೋರಿಸುತ್ತಾರೆ.

ಪೂರ್ಣ ಪರೀಕ್ಷೆಯ ಮಟ್ಟಿಗೆ ನಮ್ಮ ಕರಾವಳಿ ಬಡವಲ್ಲ. ಡಾ. ಟಿ. ಎಂ. ಎ. ಪೈಯವರು ೧೯೫೩ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಇಂದು ಅಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕವೂ, ವಾಕ್ ಮತ್ತು ಶ್ರವಣ ವಿಭಾಗವೂ ಇವೆ. ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಸಂಸ್ಥೆಯ ವಾಕ್ ಮತ್ತು ಶ್ರವಣ ಕಾಲೇಜು ಇದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರಕಾರದ ಈ ಸಂಸ್ಥೆ ೧೯೬೫ರಲ್ಲಿ ಹುಟ್ಟಿತು. ದೇಶದ ನಾನಾ ಕಡೆಗಳಲ್ಲಿ ಕೆಲಸ ಮಾಡುವ ಶ್ರವಣ ತಜ್ಞರು ಇಲ್ಲಿ ಕಲಿತವರು. ಕಿವಿ ಕೇಳಿಸದ ಪುಟ್ಟ ಮಕ್ಕಳಿಗಾಗಿ ಅಲ್ಲಿ ಶಾಲಾಪೂರ್ವ ತರಬೇತಿ ನಡೆಯುತ್ತದೆ, ತಾಯಂದಿರಿಗೂ ಕಲಿಸುತ್ತಾರೆ.

ಬೈಂದೂರಿನಿಂದ ಉಡುಪಿಗೆ ಸುಮಾರು ೭೦ ಕಿಲೋಮೀಟರು. ಹಸುಗೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ಹೋಗಿ ಬರುವುದು ಸುಲಭವಲ್ಲ. ಪ್ರಯಾಣ ವ್ಯರ್ಥವಾಗದಂತೆ ಹೀಗೆ ಮಾಡಿರಿ:

ಮೊದಲೇ ಫೋನು ಮಾಡಿ ದಿನ, ವೇಳೆ ಗೊತ್ತುಮಾಡಿಕೊಳ್ಳಿರಿ.
ದಾರಿಯಲ್ಲಿ ಕೂಸನ್ನು ಆದಷ್ಟು ಎಚ್ಚರವಾಗಿಟ್ಟು, ಅಲ್ಲಿಗೆ ಮುಟ್ಟಿದ ಮೇಲೆ ಹಾಲುಣಿಸಿ ಮಲಗಿಸಿರಿ. ಬಸ್ಸಿನಲ್ಲಿಯೇ ನಿದ್ದೆ ಮುಗಿಸಿದ ಕೂಸು ಯಂತ್ರದ ಮುಂದೆ ಮಲಗುವುದಿಲ್ಲ.
ಅಂದು ಕೂಸಿನ ತಲೆಗೆ, ಹಣೆಗೆ ಎಣ್ಣೆ ಹಚ್ಚಬೇಡಿರಿ, ಬಿಲ್ಲೆಗಳು ಅಂಟುವುದಿಲ್ಲ.
ಬಿಡುಗಡೆಯ ಚೀಟಿ ತಪ್ಪದೆ ಒಯ್ಯಿರಿ. ಎಷ್ಟು ದಿನ ಯಂತ್ರದಲ್ಲಿತ್ತು, ಯಾವ ಚುಚ್ಚುಮದ್ದು ಬಿದ್ದಿತ್ತು ಎಂಬುದು ಅದರಲ್ಲಿರುತ್ತದೆ.

ಕಿವುಡು ಎಂದು ಖಚಿತವಾದರೆ?

ಮನೆಗೆ ಸಿಡಿಲು ಬಡಿದಂತಾಗುವುದು ಸಹಜ. ಆದರೆ ದಾರಿ ಮುಚ್ಚಲಿಲ್ಲ, ತೆರೆಯಿತು ಎಂದು ತಿಳಿಯಿರಿ. ಮೊದಲ ಹೆಜ್ಜೆ ಶ್ರವಣ ಸಾಧನ. ಕೆಲವು ವಾರಗಳ ಕೂಸಿಗೂ ಇದನ್ನು ಹಾಕಬಹುದು. ಕಿವುಡು ತೀವ್ರವಾಗಿದ್ದು ಸಾಧನದಿಂದ ಪ್ರಯೋಜನ ಕಾಣದಿದ್ದರೆ ‘ಕಾಕ್ಲಿಯರ್ ಇಂಪ್ಲಾಂಟ್’ ಎಂಬ ಶಸ್ತ್ರಚಿಕಿತ್ಸೆ ಇದೆ. ಒಳಗಿವಿಯೊಳಗೆ ಸಣ್ಣ ತಂತಿಯನ್ನಿಟ್ಟು ನರಕ್ಕೆ ನೇರವಾಗಿ ಸಂದೇಶ ಕೊಡುತ್ತಾರೆ. ಇದು ಎರಡು ವರ್ಷದೊಳಗೆ ಆದರೆ ಫಲ ಹೆಚ್ಚು. ವೆಚ್ಚ ರೈತನ ಕೈಗೆ ನಿಲುಕದಷ್ಟು ದೊಡ್ಡದು. ಅದಕ್ಕಾಗಿಯೇ ಕೇಂದ್ರ ಸರಕಾರವು ಅಂಗವಿಕಲರಿಗೆ ಸಾಧನ ಒದಗಿಸುವ ‘ಎಡಿಪ್’ ಯೋಜನೆಯಲ್ಲಿ ಇದನ್ನೂ ಸೇರಿಸಿತು. ೨೦೧೪ರ ಪರಿಷ್ಕರಣೆಯಲ್ಲಿ ಒಂದು ಸಾಧನಕ್ಕೆ ೬ ಲಕ್ಷ ರೂಪಾಯಿಯ ಮಿತಿ ಇಟ್ಟಿತು. ಆದಾಯದ, ವಯಸ್ಸಿನ ಷರತ್ತುಗಳಿರುತ್ತವೆ. ವಯಸ್ಸು ಮೀರಿದರೆ ಅವಕಾಶ ತಪ್ಪುತ್ತದೆ. ಬೇಗ ಪತ್ತೆಯಾಗಬೇಕೆಂಬುದಕ್ಕೆ ಇದೂ ಒಂದು ಕಾರಣ.

ಸಾಧನ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸಸಿ ನೆಟ್ಟು ನೀರು ಹಾಕದಿದ್ದರೆ ಹೇಗೋ ಹಾಗೆ. ದಿನವೂ ಕೂಸಿನ ಮುಖ ನೋಡಿ ಮಾತನಾಡಬೇಕು, ಹಾಡಬೇಕು, ಕರು ತೋರಿಸಿ ‘ಕರು’ ಎನ್ನಬೇಕು. ಅಜ್ಜ ಅಜ್ಜಿಯರಿಗಿಂತ ಒಳ್ಳೆಯ ಗುರುಗಳು ಇದಕ್ಕೆ ಸಿಗಲಾರರು.

ಎಲ್ಲ ಮಕ್ಕಳಿಗೂ ಬಾಯಿಮಾತು ಪೂರ್ಣವಾಗಿ ಬರಲಿಕ್ಕಿಲ್ಲ. ಕೈಯ ಸನ್ನೆಯ ಭಾಷೆಯೂ ವ್ಯಾಕರಣವಿರುವ ಪೂರ್ಣ ಭಾಷೆಯೇ. ಕೂಸಿಗೆ ಯಾವುದಾದರೊಂದು ಭಾಷೆ ಸಕಾಲದಲ್ಲಿ ಸಿಗಬೇಕು, ಭಾಷೆಯಿಲ್ಲದೆ ವರ್ಷಗಳು ಕಳೆಯಬಾರದು; ಇದೇ ಮುಖ್ಯ. ಕಿವಿ ಕೇಳಿಸದ ಮಗು ಮಂದಬುದ್ಧಿಯದಲ್ಲ. ಅದನ್ನು ಮೂಲೆಗೆ ತಳ್ಳಬಾರದು. ಅದರ ತಾಯಿಯನ್ನು ದೂರಬಾರದು.

ಮನೆಯಲ್ಲಿ ಗಮನಿಸಬೇಕಾದದ್ದು

ಮೂರು ತಿಂಗಳೊಳಗೆ: ದೊಡ್ಡ ಶಬ್ದಕ್ಕೆ ಬೆಚ್ಚುತ್ತದೆ; ತಾಯಿಯ ದನಿಗೆ ಸಮಾಧಾನವಾಗುತ್ತದೆ.
ಆರು ತಿಂಗಳ ಹೊತ್ತಿಗೆ: ಶಬ್ದ ಬಂದ ಕಡೆಗೆ ಕಣ್ಣು ಅಥವಾ ತಲೆ ತಿರುಗಿಸುತ್ತದೆ.
ಒಂಬತ್ತು ಹತ್ತು ತಿಂಗಳಿಗೆ: ‘ಬಬ್ಬಬ್ಬ’, ‘ದದ್ದದ್ದ’ ಎಂದು ತೊದಲುತ್ತದೆ, ಹೆಸರು ಕರೆದರೆ ತಿರುಗುತ್ತದೆ.
ಒಂದು ವರ್ಷದ ಆಸುಪಾಸಿನಲ್ಲಿ: ಮೊದಲ ಮಾತು ಬರುತ್ತದೆ.
ಎರಡು ವರ್ಷಕ್ಕೆ: ‘ಅಮ್ಮ ಬಾ’ ಎಂಬಂತೆ ಎರಡು ಮಾತು ಕೂಡಿಸುತ್ತದೆ.

ಇವುಗಳಲ್ಲಿ ಒಂದು ತಪ್ಪಿದರೂ ಕಾಯುತ್ತ ಕೂರಬೇಡಿರಿ. ಆದರೆ ಇವೆಲ್ಲ ಕಂಡಿವೆಯೆಂದು ಯಂತ್ರದ ಪರೀಕ್ಷೆಯನ್ನು ಬಿಡಲೂಬಾರದು. ಪಾತ್ರೆ ಬಡಿದಾಗ, ಬಾಗಿಲು ಹಾಕಿದಾಗ ಕೂಸು ಬೆಚ್ಚುವುದು ಗಾಳಿಯ ಹೊಡೆತಕ್ಕೋ ನೆಲದ ಅದುರಿಗೋ ಇರಬಹುದು. ಚೆಂಡೆಯ ಪೆಟ್ಟು ಕೇಳಿಸುವ ಕಿವಿಗೆ ಅಮ್ಮನ ಪಿಸುಮಾತು ಕೇಳಿಸದಿರಬಹುದು. ಕಿವುಡು ಕೂಸೂ ಮೊದಲ ತಿಂಗಳುಗಳಲ್ಲಿ ಎಲ್ಲ ಕೂಸುಗಳಂತೆ ಕೂ, ಗೂ ಎನ್ನುತ್ತದೆ. ಆ ಮೇಲೆ ಆ ದನಿ ಬೆಳೆಯುವುದಿಲ್ಲ.

ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ, ಎದೆಹಾಲು ಏನನ್ನೂ ಹಾಕಬೇಡಿರಿ. ಕಡ್ಡಿಯಿಂದ, ಪಿನ್ನಿನಿಂದ ಕೆದಕಬೇಡಿರಿ. ಕೂಸಿನ ಕಿವಿ ಸೋರಿದರೆ ವೈದ್ಯರಿಗೆ ತೋರಿಸಿರಿ.

ಬರುವ ಮುಂಚೆ ತಡೆ

ಮಕ್ಕಳ ಕಿವುಡಿನಲ್ಲಿ ಶೇಕಡಾ ೬೦ರಷ್ಟು ತಡೆಯಬಹುದಾದ ಕಾರಣಗಳಿಂದ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿಯರು ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಳ್ಳಬೇಕು; ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು; ಕೂಸಿನ ಕೈಕಾಲಿನವರೆಗೂ ಹಳದಿ ಬಣ್ಣ ಬಂದರೆ ಬಿಸಿಲಿಗೆ ಹಿಡಿದು ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕದಲ್ಲಿ ೨೦೧೭ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆಯಿತು. ಅಂದಿನಿಂದ ಆ ಲಸಿಕೆ ಮಕ್ಕಳಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಇನ್ನೊಮ್ಮೆ ಸಿಗುತ್ತಿದೆ. ಇಂದು ಲಸಿಕೆ ಪಡೆದ ಹುಡುಗಿ ಮುಂದೆ ಹೆರುವ ಕೂಸಿನ ಕಿವಿಯನ್ನೂ ಕಾಪಾಡಿಕೊಂಡಂತೆ.

ನೆನಪಿ‌ಡಬೇಕಾದ ಮಾತು

ರೈತ ಬಂಧುಗಳೇ, ಗಾಜಿನ ಪೆಟ್ಟಿಗೆಯಿಂದ ಕೂಸನ್ನು ಗೆದ್ದು ತಂದಿರಿ. ಆ ಗೆಲುವು ದೊಡ್ಡದು. ಕಪಾಟಿನಲ್ಲಿ ಚೀಟಿ ಇದ್ದರೆ ಇಂದೇ ತೆಗೆದು ನೋಡಿರಿ. ನಟ್ಟಿಗೆ ಎರಡು ದಿನ ತಡವಾದರೆ ನೆರೆಯವರು ಕೈಕೊಟ್ಟಾರು. ಕೂಸಿನ ಕಿವಿಯ ಹದ ತಪ್ಪಿದರೆ ಸಾಲ ಕೊಡುವವರು ಯಾರೂ ಇಲ್ಲ.

ಸಂಘಗಳಲ್ಲಿ, ಯುವಕ ಮಂಡಲಗಳಲ್ಲಿ ಚರ್ಚಿಸಲು ಪ್ರಶ್ನೆಗಳು:

೧. ಕಳೆದ ಒಂದು ವರ್ಷದಲ್ಲಿ ನಮ್ಮ ಗ್ರಾಮದ ಎಷ್ಟು ಕೂಸುಗಳು ನಿಗಾ ಘಟಕದಲ್ಲಿದ್ದು ಬಂದವು? ಅವುಗಳಲ್ಲಿ ಎಷ್ಟಕ್ಕೆ ಕಿವಿ ಪರೀಕ್ಷೆ ಆಗಿದೆ?
೨. ಒಳಗಿವಿಯ ಪರೀಕ್ಷೆಗೂ ನರದ ಪರೀಕ್ಷೆಗೂ ಇರುವ ವ್ಯತ್ಯಾಸವೇನು?
೩. ಒಂದು, ಮೂರು, ಆರು ಎಂದರೇನು?
೪. ‘ರೆಫರ್’ ಎಂದು ಬಂದ ಮನೆಯವರಿಗೆ ಗದ್ದೆ ಕೆಲಸದ ದಿನಗಳಲ್ಲಿ ಆಸ್ಪತ್ರೆಗೆ ಹೋಗಿ ಬರಲು ನೆರೆಯವರು ಹೇಗೆ ನೆರವಾಗಬಹುದು?